ಬ್ಯಾಗಿನ ತಳದಲ್ಲಿದ್ದ ನೋಟ್‌ಬುಕ್: ಶಾಲೆಗೊಂದು ಬಹಿರಂಗ ಪತ್ರ

ಮಾನ್ಯ ಮುಖ್ಯೋಪಾಧ್ಯಾಯರಿಗೆ ಮತ್ತು ಎಲ್ಲ ತರಗತಿ ಶಿಕ್ಷಕರಿಗೆ,

ನಮಸ್ಕಾರ.

ನಾನು ನಾಲ್ಕನೇ ತರಗತಿಯ ಒಬ್ಬ ಹುಡುಗಿಯ ತಾಯಿ. ಈ ಪತ್ರವನ್ನು ಲಕೋಟೆಯಲ್ಲಿ ಹಾಕಿ ನಿಮ್ಮ ಆಫೀಸಿಗೆ ಕೊಟ್ಟು ಬರಬಹುದಿತ್ತು. ಒಮ್ಮೆ ಹಾಗೇ ಮಾಡಿದೆ. ಉತ್ತರ ಬರಲಿಲ್ಲ. ಆಮೇಲೆ ಬೇರೆ ಶಾಲೆಗಳ ಅಪ್ಪ ಅಮ್ಮಂದಿರ ಜೊತೆ ಮಾತಾಡಿದಾಗ ಗೊತ್ತಾಯಿತು, ಶಾಲೆಯ ಹೆಸರೊಂದನ್ನು ಬದಲಿಸಿದರೆ ಇದು ಅವರ ಪತ್ರವೂ ಆಗುತ್ತದೆ ಅಂತ. ಅದಕ್ಕೇ ಹೆಸರು ಬಿಟ್ಟು, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಯಾರ ಮೇಲೂ ಸೇಡು ತೀರಿಸಿಕೊಳ್ಳುವ ಆಸೆ ನನಗಿಲ್ಲ. ಹಾಗಂತ ನಡೆದದ್ದನ್ನು ಬೆಣ್ಣೆ ಸವರಿ ಹೇಳುವುದೂ ಇಲ್ಲ.

ಒಂದು ಭಾನುವಾರದಿಂದ ಶುರು ಮಾಡುತ್ತೇನೆ. ಮಗಳ ಬ್ಯಾಗ್ ತೊಳೆಯಬೇಕಿತ್ತು. ಒಳಗಿದ್ದದ್ದನ್ನೆಲ್ಲ ನೆಲಕ್ಕೆ ಸುರಿದೆ. ಮೊಂಡಾದ ಮೂರು ಪೆನ್ಸಿಲ್, ಒಂದೇ ಕಾಲುಚೀಲ, ತಿಂಗಳ ಹಿಂದೆ ಸಹಿ ಮಾಡಿ ಕಳಿಸಿದ್ದ ಒಪ್ಪಿಗೆ ಪತ್ರ, ಅದರ ಕೆಳಗೆ ಮೂಲೆಗಳೆಲ್ಲ ಮಡಚಿಕೊಂಡಿದ್ದ ಗಣಿತದ ನೋಟ್‌ಬುಕ್. ತೆರೆದು ನೋಡಿದೆ. ಸೋಮವಾರದ ಭಾಗಾಕಾರ ಮಾಡಿದ್ದಾಳೆ. ಮಂಗಳವಾರದ್ದೂ ಮಾಡಿದ್ದಾಳೆ. ಗುರುವಾರದ್ದೂ ಇದೆ. ಒಂದೇ ಒಂದು ಲೆಕ್ಕ ತಪ್ಪಿಲ್ಲ. ಡೈರಿ ತೆಗೆದೆ. ಅದೇ ಮೂರು ದಿನಗಳ ಎದುರು ಕೆಂಪು ಶಾಯಿಯಲ್ಲಿ ಮೂರು ಸಲ ಒಂದೇ ಸಾಲು: "ಹೋಂವರ್ಕ್ ಮಾಡಿಲ್ಲ."

ಮಗಳನ್ನು ಕರೆದು ಕೇಳಿದೆ, "ಮಾಡಿದ್ದೀಯಲ್ಲ, ಯಾಕೆ ಕೊಡಲಿಲ್ಲ?" ಅವಳು ನೋಟ್‌ಬುಕ್ ನೋಡಿದಳು, ನನ್ನನ್ನು ನೋಡಿದಳು. "ಮಿಸ್ ಕೇಳಿದ್ದೇ ಗೊತ್ತಾಗಲಿಲ್ಲಮ್ಮಾ," ಅಂದಳು. "ಮಾಡಿಲ್ಲ ಅಂತ ಬರೆದಾಗ ಮಾಡಿದ್ದೀನಿ ಅಂತ ಹೇಳಬಹುದಿತ್ತಲ್ಲ?" ಅಂದೆ. ಅದಕ್ಕೆ ಅವಳು ಕೊಟ್ಟ ಉತ್ತರ ಈಗಲೂ ಕಿವಿಯಲ್ಲಿದೆ. "ಮಿಸ್ ಬರೆದಿದ್ರಲ್ಲ, ನಾನು ಮಾಡಿಲ್ವೇನೋ ಅಂದ್ಕೊಂಡೆ."

ಒಂಬತ್ತು ವರ್ಷದ ಮಗು ತಾನು ಮಾಡಿದ ಕೆಲಸವನ್ನೇ ಮಾಡಿಲ್ಲ ಅಂತ ನಂಬಿಬಿಟ್ಟಿತ್ತು. ದಿನಾ ಅಷ್ಟು ಸಲ ಕೇಳಿಸಿಕೊಂಡರೆ ಯಾರಾದರೂ ನಂಬುತ್ತಾರೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಆ ಭಾನುವಾರಕ್ಕೆ ಮುಂಚೆ ಎಷ್ಟೋ ಸಂಜೆ ಆ ಡೈರಿ ಹಿಡಿದುಕೊಂಡು ನಾನೂ ಅವಳನ್ನು ಬೈದಿದ್ದೇನೆ. "ಎಷ್ಟು ಸಲ ಹೇಳಬೇಕು ನಿನಗೆ?" ಅನ್ನುವ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ನಾನು ಈ ಪತ್ರವನ್ನು ನ್ಯಾಯಾಧೀಶರ ಕುರ್ಚಿಯಲ್ಲಿ ಕೂತು ಬರೆಯುತ್ತಿಲ್ಲ.

ಆ ವಾರವೇ ಶಾಲೆಗೆ ಬಂದು ಕ್ಲಾಸ್ ಟೀಚರನ್ನು ಭೇಟಿ ಮಾಡಿದೆ. ನೋಟ್‌ಬುಕ್ ತೋರಿಸಿದೆ. ಅವರು ಒಳ್ಳೆಯವರೇ. ಆದರೂ ಅವರು ಹೇಳಿದ್ದು ಇಷ್ಟು: "ಬುದ್ಧಿ ಚೆನ್ನಾಗಿದೆ, ಮನಸ್ಸಿಟ್ಟು ಮಾಡಲ್ಲ. ಸ್ವಲ್ಪ ಶಿಸ್ತು ಬೇಕು." ಶಿಸ್ತು ಅಂದರೆ ಏನು ಅಂತ ಮರುವಾರ ಗೊತ್ತಾಯಿತು. ಬೋರ್ಡಿನಲ್ಲಿ ಬರೆದದ್ದನ್ನು ಪೂರ್ತಿ ಇಳಿಸಿಕೊಳ್ಳದಿದ್ದರೆ ಆಟದ ಪೀರಿಯಡ್ ಕಟ್. ಉಳಿದ ಮಕ್ಕಳೆಲ್ಲ ಮೈದಾನಕ್ಕೆ ಓಡುತ್ತಿದ್ದರೆ ಇವಳು ಖಾಲಿ ಕ್ಲಾಸಿನಲ್ಲಿ ಕೂತು ಬರೆಯಬೇಕು. ಕಿಟಕಿ ಪಕ್ಕದ ಬೆಂಚು. ಕಿಟಕಿಯ ಆಚೆಗೆ ಮೈದಾನ. ಆ ಜಾಗದಲ್ಲಿ ಕೂರಿಸಿದರೆ ನಾನೂ ಒಂದಕ್ಷರ ಬರೆಯುತ್ತಿರಲಿಲ್ಲ ಬಿಡಿ.

ಡಾಕ್ಟರ ಹತ್ತಿರ ಹೋದದ್ದು ಆಮೇಲೆ. ಎಡಿಎಚ್‌ಡಿ ಅಂದರು. ಮೊದಲೆಲ್ಲ ಎಡಿಡಿ ಅಂತಲೂ ಕರೆಯುತ್ತಿದ್ದ, ಗಮನವನ್ನು ಹಿಡಿದಿಡಲು ಕಷ್ಟವಾಗುವ ತೊಂದರೆ. ಇದನ್ನು ಕಂಡುಹಿಡಿಯಲು ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಅದಕ್ಕೇ ಬಹಳ ಜನ "ಡಾಕ್ಟರು ಸುಮ್ನೆ ಹೇಳ್ತಾರೆ" ಅಂದುಕೊಳ್ಳುತ್ತಾರೆ. ಸುಮ್ನೆ ಹೇಳುವುದಿಲ್ಲ. ಗಮನಕ್ಕೆ ಸಂಬಂಧಿಸಿದ ಒಂಬತ್ತು ಲಕ್ಷಣ, ಚಡಪಡಿಕೆ ಮತ್ತು ದುಡುಕಿಗೆ ಸಂಬಂಧಿಸಿದ ಒಂಬತ್ತು. ಎರಡರಲ್ಲಿ ಒಂದು ಪಟ್ಟಿಯಿಂದಾದರೂ ಮಗುವಿಗೆ ಕನಿಷ್ಠ ಆರು ಲಕ್ಷಣ ಇರಬೇಕು. ಕನಿಷ್ಠ ಆರು ತಿಂಗಳು ಇರಬೇಕು. ಹನ್ನೆರಡು ವರ್ಷಕ್ಕೆ ಮುಂಚೆಯೇ ಕಾಣಿಸಿಕೊಂಡಿರಬೇಕು. ಮನೆಯಲ್ಲಿ ಮಾತ್ರ ಅಥವಾ ಶಾಲೆಯಲ್ಲಿ ಮಾತ್ರ ಇದ್ದರೆ ಸಾಲದು, ಎರಡು ಕಡೆಯಾದರೂ ಕಾಣಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದರಿಂದ ಬದುಕಿಗೆ ನಿಜವಾದ ತೊಂದರೆ ಆಗುತ್ತಿರಬೇಕು. ನಿದ್ದೆ ಸಾಲದೆ ಹೀಗಾಗುತ್ತಿದೆಯೇ, ಕಣ್ಣು ಕಿವಿ ಸರಿ ಇದೆಯೇ, ಮಗು ಯಾವುದಕ್ಕಾದರೂ ಹೆದರಿಕೊಂಡಿದೆಯೇ ಅಂತಲೂ ನೋಡುತ್ತಾರೆ. ಯಾಕೆಂದರೆ ಇವೆಲ್ಲವೂ ಹೊರಗಿನಿಂದ ಒಂದೇ ಥರ ಕಾಣುತ್ತವೆ.

ಎರಡು ಕಡೆ ಕಾಣಬೇಕು ಅಂದೆನಲ್ಲ, ಅದಕ್ಕಾಗಿ ಶಿಕ್ಷಕರಿಗೂ ಒಂದು ಫಾರಂ ಕೊಡುತ್ತಾರೆ. ನಿಮಗೂ ಬಂದಿತ್ತು. ಮೂರು ವಾರ ಆದ ಮೇಲೆ, ಎರಡು ಸಲ ಫೋನ್ ಮಾಡಿದ ಮೇಲೆ ಅದು ವಾಪಸ್ ಬಂತು. ಪ್ರತಿ ಪ್ರಶ್ನೆಗೂ "ಕೆಲವೊಮ್ಮೆ" ಅನ್ನುವ ಕಾಲಂನಲ್ಲಿ ಟಿಕ್. ಮೇಲಿಂದ ಕೆಳಗಿನವರೆಗೆ ಅಳತೆಪಟ್ಟಿ ಇಟ್ಟು ಎಳೆದ ಹಾಗೆ ಒಂದೇ ಗೆರೆ. ಓದದೇ ತುಂಬಿದ ಫಾರಂ ಅದು ಅಂತ ಡಾಕ್ಟರು ಬಾಯಿ ಬಿಟ್ಟು ಹೇಳಲಿಲ್ಲ. ಬದಿಗಿಟ್ಟು ಇನ್ನೊಂದು ಖಾಲಿ ಫಾರಂ ಕೊಟ್ಟರು. ದಿನಕ್ಕೆ ಆರು ಗಂಟೆ ಮಗುವನ್ನು ನೋಡುವವರು ನೀವು. ನಿಮ್ಮ ಹತ್ತು ನಿಮಿಷ ಅವತ್ತು ನಮಗೆ ಸಿಕ್ಕಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಇನ್ನು ನೀವು ಕೇಳಿದ ಪ್ರಶ್ನೆಗೆ ಬರುತ್ತೇನೆ. "ಚಿತ್ರ ಬಿಡಿಸೋಕೆ ಕೂತರೆ ಎರಡು ಗಂಟೆ ಏಳಲ್ಲ. ಆಗ ಎಲ್ಲಿಂದ ಬರುತ್ತೆ ಗಮನ?" ನ್ಯಾಯವಾದ ಪ್ರಶ್ನೆಯೇ. ನನಗೂ ಇದೇ ಅನುಮಾನ ಇತ್ತು. ಈ ತೊಂದರೆಯ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಅವಳಲ್ಲಿ ಗಮನ ಕಡಿಮೆ ಇಲ್ಲ. ಅದನ್ನು ಬೇಕಾದ ಕಡೆಗೆ ತಿರುಗಿಸುವ, ಬೇಡವಾದಾಗ ಬಿಡಿಸಿಕೊಳ್ಳುವ ಹಿಡಿತ ಕಡಿಮೆ ಇದೆ. ಇಷ್ಟವಾದದ್ದು, ಹೊಸದು, ತಕ್ಷಣ ಫಲ ಕಾಣಿಸುವಂಥದ್ದು ಇದ್ದರೆ ಗಮನ ತಾನಾಗಿಯೇ ಅಂಟಿಕೊಳ್ಳುತ್ತದೆ. ಬೇಸರದ ಕೆಲಸಕ್ಕೆ ಅದನ್ನು ಎಳೆದು ತರಬೇಕು. ಆ ಎಳೆಯುವ ಹಗ್ಗ ಇವಳದ್ದು ತೆಳು. ಊಟಕ್ಕೆ ಕರೆದಾಗ ಚಿತ್ರ ಬಿಟ್ಟು ಏಳಲಾಗದ್ದೂ, ಲೆಕ್ಕದ ನಡುವೆ ಮನಸ್ಸು ಎಲ್ಲೋ ಹೋಗುವುದೂ ಒಂದೇ ತೊಂದರೆಯ ಎರಡು ಮುಖ.

ನೋಟ್‌ಬುಕ್ ಬ್ಯಾಗಿನಲ್ಲೇ ಉಳಿದದ್ದು ಹೇಗೆ ಅಂತ ಒಂದು ದಿನ ಕಣ್ಣಾರೆ ನೋಡಿದೆ. ಪೋಷಕರನ್ನು ತರಗತಿಗೆ ಕರೆದಿದ್ದಿರಲ್ಲ, ಆವತ್ತು. ಹಿಂದಿನ ಸಾಲಿನಲ್ಲಿ ಕೂತಿದ್ದೆ. ಟೀಚರ್ ಒಂದೇ ಉಸಿರಿಗೆ ಹೇಳಿದರು: "ಗಣಿತದ ಪುಸ್ತಕ ತೆಗೀರಿ, ನಲವತ್ತಾರನೇ ಪುಟ, ಮೂರನೇ ಲೆಕ್ಕ ಮಾಡಿ, ಹೋಂವರ್ಕ್ ಬುಕ್ ಮೇಜಿನ ಮೇಲೆ ಇಟ್ಬಿಡಿ." ನಾಲ್ಕು ಮಾತು. ಮಗಳು ಪುಸ್ತಕ ತೆಗೆದಳು. ಪುಟ ಹುಡುಕಿದಳು. ಆ ಪುಟದಲ್ಲೊಂದು ಗಡಿಯಾರದ ಚಿತ್ರ ಇತ್ತು. ಅದರ ಮುಳ್ಳನ್ನು ಬೆರಳಲ್ಲಿ ಸವರಿದಳು. ಆ ಹೊತ್ತಿಗೆ ಮೂವತ್ತು ನೋಟ್‌ಬುಕ್ ಮೇಜು ಸೇರಿದ್ದವು. ನಾಲ್ಕನೇ ಮಾತು ಅವಳ ತನಕ ತಲುಪಲೇ ಇಲ್ಲ. ಕೇಳಿದ್ದನ್ನು ಸ್ವಲ್ಪ ಹೊತ್ತು ತಲೆಯಲ್ಲಿ ಹಿಡಿದುಕೊಂಡು, ಅದರ ಪ್ರಕಾರ ನಡೆಯುವ ಶಕ್ತಿ ಒಂದಿದೆಯಲ್ಲ, ಈ ಮಕ್ಕಳಲ್ಲಿ ಹಲವರಿಗೆ ಅದೇ ಸಣ್ಣದು. ನಾಲ್ಕು ಲೋಟ ನೀರನ್ನು ಎರಡು ಲೋಟದ ಪಾತ್ರೆಗೆ ಹೊಯ್ದರೆ ಚೆಲ್ಲುತ್ತದೆ. ಪಾತ್ರೆಗೆ ಬೈದು ಏನು ಬಂತು?

ಅವಳು ಗಲಾಟೆ ಮಾಡುವ ಹುಡುಗಿಯೂ ಅಲ್ಲ. ಅದೇ ಅವಳಿಗೆ ಮುಳುವಾಯಿತು. ಬೆಂಚಿನಿಂದ ಬೆಂಚಿಗೆ ಹಾರುವ ಹುಡುಗನಿದ್ದರೆ ಎಲ್ಲರಿಗೂ ಕಾಣಿಸುತ್ತಾನೆ. ಒಂದನೇ ತರಗತಿಯಲ್ಲೇ ಅವನ ಅಪ್ಪ ಅಮ್ಮನಿಗೆ ಬುಲಾವ್ ಹೋಗುತ್ತದೆ. ಕಿಟಕಿಯಾಚೆ ನೋಡುತ್ತ ಸುಮ್ಮನೆ ಕೂತ ಹುಡುಗಿ ಯಾರಿಗೂ ತೊಂದರೆ ಕೊಡುವುದಿಲ್ಲ. ಅವಳಿಗೆ "ಕನಸುಗಾತಿ" ಅಂತ ಒಂದು ಮುದ್ದಿನ ಹೆಸರು ಸಿಗುತ್ತದೆ, ಅಷ್ಟೇ. ಆಸ್ಪತ್ರೆಗೆ ಬರುವವರಲ್ಲಿ ಹುಡುಗರೇ ಜಾಸ್ತಿ. ಹುಡುಗಿಯರಲ್ಲಿ ಬಹಳಷ್ಟು ಮಂದಿಗೆ ದೊಡ್ಡವರಾದ ಮೇಲೆ ಗೊತ್ತಾಗುತ್ತದೆ, ಅಥವಾ ಗೊತ್ತಾಗುವುದೇ ಇಲ್ಲ.

ಈ ಮಾತನ್ನು ಪುಸ್ತಕ ಓದಿ ಹೇಳುತ್ತಿಲ್ಲ. ಮಗಳ ತಪಾಸಣೆ ಮುಗಿದ ದಿನ ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇದೆಯಾ?" ಅಂದರು. ನಾನು ಆ ಭೇಟಿಗೆ ಇಪ್ಪತ್ತು ನಿಮಿಷ ತಡವಾಗಿ ಬಂದಿದ್ದೆ. ಫೈಲು ಮನೆಯಲ್ಲೇ ಮರೆತಿದ್ದೆ. ನನ್ನ ಗಂಡ ಪಾಪ ನಗು ತಡೆದುಕೊಳ್ಳಲು ಗೋಡೆ ಕಡೆ ತಿರುಗಿದರು. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ, ಜನರಲ್ಲಿ ಕೆಲವರಿಗೆ ಎಡಿಎಚ್‌ಡಿ ಇದ್ದು ಕೆಲವರಿಗೆ ಇಲ್ಲದಿರುವ ಈ ವ್ಯತ್ಯಾಸದಲ್ಲಿ ಶೇಕಡಾ 74ರಷ್ಟು ಪಾಲು ವಂಶವಾಹಿಗಳದ್ದಂತೆ. ಹೆಚ್ಚುಕಡಿಮೆ ಎತ್ತರದ ಹಾಗೆ ಇದೂ ಮನೆತನದಲ್ಲಿ ಹರಿದು ಬರುತ್ತದೆ. ಅಮ್ಮ ಮುದ್ದು ಮಾಡಿ ಹಾಳು ಮಾಡಿದ್ದರಿಂದ ಬಂದದ್ದಲ್ಲ. ಟಿವಿಯಿಂದಲೂ ಅಲ್ಲ, ಸಕ್ಕರೆಯಿಂದಲೂ ಅಲ್ಲ. ಸಕ್ಕರೆಯ ಮಾತನ್ನಂತೂ ಸರಿಯಾದ ಪ್ರಯೋಗ ಮಾಡಿ 1990ರ ದಶಕದಲ್ಲೇ ತಳ್ಳಿಹಾಕಿದ್ದಾರೆ. ಆದರೂ ಅದು ಸಾಯುತ್ತಿಲ್ಲ.

ಹೀಗೆ ನಲವತ್ತೆರಡನೇ ವಯಸ್ಸಿನಲ್ಲಿ ನನಗೂ ಹೆಸರು ಸಿಕ್ಕಿತು. ದೊಡ್ಡವರಲ್ಲಿ ಇದು ಹೇಗಿರುತ್ತದೆ ಅಂತ ಕೇಳುತ್ತೀರಾ? ನನ್ನ ಆಫೀಸಿನ ಮೇಲ್‌ನಲ್ಲಿ ಡ್ರಾಫ್ಟ್ ಅಂತ ಒಂದು ಜಾಗ ಇದೆ. ಒಂದು ದಿನ ತೆರೆದು ಎಣಿಸಿದೆ. ಬರೆದು ಮುಗಿಸಿದ, ಕಳಿಸದ ಹದಿನೇಳು ಉತ್ತರ. ಎಲ್ಲವೂ ಪೂರ್ತಿ. ಕೆಳಗೆ ನನ್ನ ಹೆಸರು ಸಮೇತ. ಕೊನೆಗೊಮ್ಮೆ ಒತ್ತಬೇಕಾದ ಬಟನ್ ಒತ್ತುವ ಮುಂಚೆ ಯಾರೋ ಕರೆದಿದ್ದಾರೆ, ಅಥವಾ ಫೋನ್ ಬಂದಿದೆ, ಅಥವಾ ಒಂದು ಸಣ್ಣ ವಿಷಯ ನೋಡಿ ಕಳಿಸೋಣ ಅಂತ ಹೋದವಳು ವಾಪಸ್ ಬಂದಿಲ್ಲ. ನನ್ನ ಮಟ್ಟಿಗೆ ಆ ಕೆಲಸ ಮುಗಿದಿದೆ. ಎದುರಿನವರ ಮಟ್ಟಿಗೆ ನಾನು ಉತ್ತರ ಕೊಡದ, ಅಹಂಕಾರದ ಹೆಂಗಸು. ಆವತ್ತು ಆ ಹದಿನೇಳನ್ನು ನೋಡುತ್ತ ಮಗಳ ನೋಟ್‌ಬುಕ್ ನೆನಪಾಯಿತು. ಅಮ್ಮನದ್ದು ಡ್ರಾಫ್ಟ್, ಮಗಳದ್ದು ಬ್ಯಾಗ್. ಅಷ್ಟೇ ವ್ಯತ್ಯಾಸ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬಿಲ್ಲು ಕಟ್ಟಲು ದುಡ್ಡಿದ್ದೂ ದಿನ ಮೀರಿ ದಂಡ. ಹತ್ತು ನಿಮಿಷದ ಕೆಲಸ ಅಂದುಕೊಂಡದ್ದು ಒಂದೂವರೆ ಗಂಟೆ. ಮಾತಿನ ನಡುವೆ ಬಾಯಿ ಹಾಕಿ ಆಮೇಲೆ ರಾತ್ರಿಯೆಲ್ಲ ಒದ್ದಾಟ. ಚಿಕ್ಕಂದಿನ ಓಡಾಟ ದೊಡ್ಡವರಲ್ಲಿ ಹೊರಗೆ ಕಾಣುವುದಿಲ್ಲ. ಒಳಗೆ ಒಂದು ಮೋಟರ್ ಓಡುತ್ತಲೇ ಇರುತ್ತದೆ. ವಾಹನ ಓಡಿಸುವವರಲ್ಲಿ ಇದು ಅಪಘಾತದ ಅಪಾಯವನ್ನೂ ಹೆಚ್ಚಿಸುತ್ತದೆ. ಜಗತ್ತಿನಾದ್ಯಂತದ ಲೆಕ್ಕ ನೋಡಿದರೆ ಮಕ್ಕಳಲ್ಲಿ ಸುಮಾರು ಶೇಕಡಾ 5 ಮಂದಿಗೆ, ದೊಡ್ಡವರಲ್ಲಿ ಸುಮಾರು ಶೇಕಡಾ 2.5 ಮಂದಿಗೆ ಎಡಿಎಚ್‌ಡಿ ಇದೆ. ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಅಂತ ಇಟ್ಟುಕೊಳ್ಳಿ. ನಿಮ್ಮ ಸ್ಟಾಫ್ ರೂಮಿನಲ್ಲೂ ಒಬ್ಬರು ಇರಬಹುದು. ಉತ್ತರಪತ್ರಿಕೆ ತಿದ್ದುವುದನ್ನು ಪ್ರತಿ ಸಲ ಕೊನೆಯ ರಾತ್ರಿಗೆ ಬಿಡುವವರು ಯಾರು ಅಂತ ನಿಮಗೇ ಗೊತ್ತಿರುತ್ತದೆ, ಅಲ್ವಾ?

ಸಭೆಯಲ್ಲಿ ಒಬ್ಬ ಶಿಕ್ಷಕರು, "ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಹೊಸ ಫ್ಯಾಷನ್" ಅಂದರು. ಇತ್ತು ಸರ್. 1798ರಲ್ಲೇ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್, ಗಮನ ಒಂದು ಕಡೆ ನಿಲ್ಲದ, ಸಣ್ಣ ಸದ್ದಿಗೂ ಚಡಪಡಿಸುವ ಸ್ಥಿತಿಯ ಬಗ್ಗೆ ತಮ್ಮ ಪುಸ್ತಕದಲ್ಲಿ ಬರೆದಿದ್ದರು. 1902ರಲ್ಲಿ ಲಂಡನ್ನಿನಲ್ಲಿ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿಗೆ ಯಾವ ಕೊರತೆಯೂ ಇಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾಗದ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟರು. ಅವರು ಅದಕ್ಕೆ ಕೊಟ್ಟ ಹೆಸರು ನೈತಿಕ ಹಿಡಿತದ ಕೊರತೆ. ಅಂದರೆ ನಡತೆಯ ದೋಷ. ವೈದ್ಯರು ಆ ಮಾತನ್ನು ಎಂದೋ ಬಿಟ್ಟರು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಇದು ಗಮನ ಕೊರತೆ ಎನ್ನುವ ಹೆಸರು ಪಡೆಯಿತು, 1987ರಲ್ಲಿ ಎಡಿಎಚ್‌ಡಿ ಆಯಿತು. ಡೈರಿಯ ಕೆಂಪು ಶಾಯಿ ಮಾತ್ರ ಇನ್ನೂ 1902ರಲ್ಲೇ ನಿಂತಿದೆ.

ಶಿಕ್ಷೆಯ ವಿಷಯಕ್ಕೆ ಬಂದರೆ, ನನ್ನ ದೂರು ಅದು ಕ್ರೂರ ಅಂತಲ್ಲ. ಅದು ಕೆಲಸ ಮಾಡುವುದಿಲ್ಲ ಅನ್ನುವುದೇ ನನ್ನ ದೂರು. ಗೊತ್ತಿಲ್ಲದವರಿಗೆ ಕಲಿಸಬಹುದು. ಮನಸ್ಸಿಲ್ಲದವರನ್ನು ಹೆದರಿಸಿ ಮಾಡಿಸಬಹುದೇನೋ. ನನ್ನ ಮಗಳಿಗೆ ಹೋಂವರ್ಕ್ ಕೊಡಬೇಕು ಅನ್ನುವುದು ಗೊತ್ತು, ಕೊಡುವ ಮನಸ್ಸೂ ಇದೆ. ಕೊಡಬೇಕಾದ ಆ ಒಂದು ಕ್ಷಣದಲ್ಲಿ ಅದು ನೆನಪಿಗೆ ಬರುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮರೆತದ್ದಕ್ಕೆ ಮಧ್ಯಾಹ್ನ ಎರಡಕ್ಕೆ ಆಟ ತಪ್ಪಿಸಿದರೆ, ಮರುದಿನ ಒಂಬತ್ತಕ್ಕೆ ಅವಳಿಗೆ ನೆನಪಾಗುವುದು ಅವಮಾನ ಮಾತ್ರ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯವರು 2007ರಲ್ಲಿ ಮಕ್ಕಳ ಮಿದುಳಿನ ಚಿತ್ರಗಳನ್ನು ಹೋಲಿಸಿ ನೋಡಿದರು. ಮಿದುಳಿನ ಹೊರಪದರದ ಅರ್ಧದಷ್ಟು ಜಾಗ ಗರಿಷ್ಠ ದಪ್ಪ ಮುಟ್ಟುವುದು ಬೇರೆ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕಾದರೆ, ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಹತ್ತೂವರೆಗೆ. ಬೆಳೆಯುವ ಕ್ರಮ ಅದೇ, ಮೂರು ವರ್ಷ ತಡ. ತಡ ಎದ್ದು ಕಂಡದ್ದು ಹಣೆಯ ಹಿಂದಿನ ಭಾಗದಲ್ಲಿ. ಯೋಚಿಸಿ ಹೆಜ್ಜೆ ಇಡುವುದಕ್ಕೆ, ಮನಸ್ಸನ್ನು ತಡೆಹಿಡಿಯುವುದಕ್ಕೆ ಬೇಕಾದ ಜಾಗ ಅದು. ಇದು ಹಲವು ಮಕ್ಕಳ ಸರಾಸರಿ. ಒಂದೊಂದು ಮಗುವಿಗೂ ಹಾಗೇ ಅಂತಲ್ಲ. ಆದರೂ ತನ್ನ ಕೆಲಸ ತಾನೇ ನೋಡಿಕೊಳ್ಳಲಿ ಅಂತ ಆರು ವರ್ಷದ ಮಗುವನ್ನು ನಾವು ಒಂಟಿಯಾಗಿ ಬಿಡುವುದಿಲ್ಲ. ಇವಳನ್ನು ಬಿಟ್ಟಿದ್ದೇವೆ.

ಅದರಲ್ಲೂ ತಪ್ಪಿಸಿದ್ದು ಆಟವನ್ನು. ಮೈ ಚಲಿಸಿದರೆ ಈ ಮಕ್ಕಳ ತಲೆ ಚುರುಕಾಗುತ್ತದೆ. ದಿನದಲ್ಲಿ ಅವಳು ಸೋಲದೇ ಇರುವ ಒಂದೇ ಪೀರಿಯಡ್ ಅದು. ಅದನ್ನೇ ಕಿತ್ತುಕೊಂಡು ಮಿಕ್ಕ ಎರಡು ಪೀರಿಯಡ್‌ನಲ್ಲಿ ಗಮನ ಕೊಡು ಅಂದರೆ ಎಲ್ಲಿಂದ ತರುತ್ತಾಳೆ?

ಇನ್ನೊಂದು ಘಟನೆ ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಹೋದ ತಿಂಗಳು ತರಗತಿಯಲ್ಲಿ ಅವಳ ಕೈಯಿಂದ ಬಣ್ಣದ ಡಬ್ಬಿ ಜಾರಿ ಬಿತ್ತು. ಆಗ ಎಲ್ಲರೆದುರು ಒಂದು ಮಾತು ಬಂತು: "ಏನು, ಇವತ್ತು ಮಾತ್ರೆ ತಗೊಂಡಿಲ್ವಾ?" ತಮಾಷೆಗೆ ಹೇಳಿದ್ದಿರಬಹುದು. ಮಕ್ಕಳು ನಕ್ಕರು. ಮರುದಿನದಿಂದ ಆ ಪ್ರಶ್ನೆ ಬಿಡುವಿನ ವೇಳೆಯ ಆಟವಾಯಿತು. ಅವಳ ಔಷಧಿಯ ವಿಷಯ ನಿಮಗೆ ಹೇಳಿದ್ದು ನಾನು, ನಂಬಿಕೆಯಿಂದ ಹೇಳಿದ್ದು. ಮಧುಮೇಹ ಇರುವ ಮಗುವಿಗೆ "ಇವತ್ತು ಇನ್ಸುಲಿನ್ ಹಾಕ್ಕೊಂಡಿಲ್ವಾ" ಅಂತ ತರಗತಿಯ ಎದುರು ಕೇಳುತ್ತೀರಾ?

ಮಾತ್ರೆಯ ಬಗ್ಗೆ ನಿಮ್ಮಲ್ಲಿ ಕೆಲವರಿಗೆ ಸಿಟ್ಟೂ ಇದೆ, ಅತಿ ಆಸೆಯೂ ಇದೆ. ಒಬ್ಬರು "ಚಿಕ್ಕ ಮಗುವಿಗೆ ಔಷಧಿ ಕೊಡ್ತೀರಲ್ಲ" ಅಂದರು. ಇನ್ನೊಬ್ಬರು "ಡೋಸ್ ಸ್ವಲ್ಪ ಜಾಸ್ತಿ ಮಾಡ್ಸಿ" ಅಂದರು. ಎರಡೂ ನಿಮ್ಮ ಕೆಲಸವಲ್ಲ. ಇಂಥ ಔಷಧಿಗಳು ಈಚಿನವೇನಲ್ಲ. 1937ರಲ್ಲಿ ಚಾರ್ಲ್ಸ್ ಬ್ರ್ಯಾಡ್ಲಿ ಎಂಬ ಅಮೆರಿಕದ ವೈದ್ಯ, ಉತ್ತೇಜಕ ಔಷಧಿಯೊಂದನ್ನು ಕೊಟ್ಟಾಗ ತಮ್ಮ ಆಸ್ಪತ್ರೆಯ ಹಲವು ಮಕ್ಕಳ ಓದು ಇದ್ದಕ್ಕಿದ್ದ ಹಾಗೆ ಸುಧಾರಿಸಿದ್ದನ್ನು ದಾಖಲಿಸಿದ್ದರು. ಇವತ್ತು ಹೆಚ್ಚಾಗಿ ಕೊಡುವ ಮೀಥೈಲ್‌ಫೆನಿಡೇಟ್ 1944ರಲ್ಲಿ ತಯಾರಾದದ್ದು. ಮಿದುಳಿನ ಸಂಕೇತಗಳನ್ನು ಸಾಗಿಸುವ ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಬೇಗ ವಾಪಸ್ ಹೋಗದ ಹಾಗೆ ಅದು ತಡೆಯುತ್ತದೆ. ಬಹಳ ಮಕ್ಕಳಿಗೆ ಸಹಾಯವಾಗುತ್ತದೆ, ಎಲ್ಲರಿಗೂ ಅಲ್ಲ. ಹಸಿವು ಕಡಿಮೆಯಾಗುತ್ತದೆ, ಕೆಲವರಿಗೆ ನಿದ್ದೆ ತಡವಾಗುತ್ತದೆ. ಮಗಳ ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬರುವುದನ್ನು ನೋಡಿದರೆ ನನಗೂ ಹೊಟ್ಟೆ ಚುರ್ ಅನ್ನುತ್ತದೆ. ಇದು ಕಾಯಿಲೆ ವಾಸಿ ಮಾಡುವಂಥದ್ದೂ ಅಲ್ಲ. ಕನ್ನಡಕದ ಹಾಗೆ, ಹಾಕಿಕೊಂಡಷ್ಟು ಹೊತ್ತು. 1999ರಲ್ಲಿ ಫಲಿತಾಂಶ ಬಂದ ದೊಡ್ಡ ಅಧ್ಯಯನದಲ್ಲಿ 579 ಮಕ್ಕಳನ್ನು ಹದಿನಾಲ್ಕು ತಿಂಗಳು ನೋಡಿಕೊಂಡರು. ಎಚ್ಚರಿಕೆಯಿಂದ ಕೊಟ್ಟ ಔಷಧಿ ಮುಖ್ಯ ಲಕ್ಷಣಗಳನ್ನು ಚೆನ್ನಾಗಿಯೇ ತಗ್ಗಿಸಿತು. ವರ್ಷಗಳು ಕಳೆದಂತೆ ಬೇರೆ ಬೇರೆ ಚಿಕಿತ್ಸೆ ಪಡೆದ ಗುಂಪುಗಳ ನಡುವಿನ ವ್ಯತ್ಯಾಸ ಕರಗುತ್ತ ಹೋಯಿತು. ಅಂದರೆ ಒಂದು ಮಾತ್ರೆ ನುಂಗಿಸಿ ಎಲ್ಲರೂ ಕೈತೊಳೆದುಕೊಳ್ಳುವ ಹಾಗಿಲ್ಲ. ಮಾತ್ರೆ ಅವಳನ್ನು ಕುರ್ಚಿಯಲ್ಲಿ ಕೂರಿಸೀತು. ನೋಟ್‌ಬುಕ್ಕನ್ನು ಬ್ಯಾಗಿನಿಂದ ಹೊರಗೆ ತೆಗೆಯುವುದು ಮಾತ್ರೆಯಲ್ಲ.

ಸಮಾಧಾನಕ್ಕೆ ಅಂತ "ಮೈಕೆಲ್ ಫೆಲ್ಪ್ಸ್‌ಗೂ ಇತ್ತಲ್ವಾ" ಅಂತ ಹೇಳುವವರಿದ್ದಾರೆ. ಇತ್ತು. ಒಂಬತ್ತನೇ ವಯಸ್ಸಿನಲ್ಲೇ ಗೊತ್ತಾಗಿತ್ತು. ಆತ 28 ಒಲಿಂಪಿಕ್ ಪದಕ ಗೆದ್ದ. ಸಂತೋಷ. ನನಗೆ ಈ ಉದಾಹರಣೆ ಅಷ್ಟೇನೂ ಇಷ್ಟವಾಗುವುದಿಲ್ಲ. ಗಮನದ ತೊಂದರೆ ಇರುವ ಮಗು ತನ್ನ ಮರ್ಯಾದೆ ಉಳಿಸಿಕೊಳ್ಳಲು ಪದಕ ಗೆಲ್ಲಬೇಕಾ? ನನ್ನ ಮಗಳ ನೋಟ್‌ಬುಕ್ ಮೇಜಿನವರೆಗೆ ತಲುಪಿದರೆ ನನಗೆ ಸಾಕು.

ನಿಮ್ಮ ಕಡೆಯ ಕಷ್ಟವೂ ಗೊತ್ತು. ನಲವತ್ತು ಮಕ್ಕಳು, ಒಬ್ಬರೇ ಶಿಕ್ಷಕರು, ಮುಗಿಸಬೇಕಾದ ಪಾಠ, ತುಂಬಬೇಕಾದ ರಿಜಿಸ್ಟರು. ಈ ವಿಷಯದಲ್ಲಿ ನಿಮಗೆ ಯಾರೂ ತರಬೇತಿ ಕೊಟ್ಟಿಲ್ಲ. ಕೊಡದೇ ಇದ್ದದ್ದು ನಿಮ್ಮ ತಪ್ಪಲ್ಲ. ಮತ್ತೆ, ಕಂಡ ತುಂಟ ಮಕ್ಕಳಿಗೆಲ್ಲ ಈ ಹೆಸರು ಅಂಟಿಸಿ ಅಂತಲೂ ನಾನು ಹೇಳುತ್ತಿಲ್ಲ. ಒಂದೇ ತರಗತಿಯಲ್ಲಿ ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವರಾದ ಮಕ್ಕಳಿಗೆ ಈ ಹೆಸರು ಬೀಳುವ ಸಂಭವ ಜಾಸ್ತಿ ಅಂತ ಹಲವು ದೇಶಗಳಲ್ಲಿ ಕಂಡುಬಂದಿದೆ. ಹನ್ನೊಂದು ತಿಂಗಳು ಚಿಕ್ಕದಾದ ಮಗು ಚಿಕ್ಕ ಮಗುವಿನ ಹಾಗೇ ಇರುತ್ತದೆ, ಅದು ಕಾಯಿಲೆಯಲ್ಲ. ಹೆಸರಿಡುವುದು ಡಾಕ್ಟರ ಕೆಲಸ. ಕಂಡದ್ದನ್ನು ಕಂಡ ಹಾಗೆ ಹೇಳುವುದಷ್ಟೇ ನಿಮ್ಮಿಂದ ಬೇಕಾದದ್ದು.

ಹೋದ ವರ್ಷ ಎರಡು ತಿಂಗಳ ಮಟ್ಟಿಗೆ ಬದಲಿ ಶಿಕ್ಷಕಿಯೊಬ್ಬರು ಬಂದಿದ್ದರು. ಅವರಿಗೆ ಎಡಿಎಚ್‌ಡಿ ಬಗ್ಗೆ ಏನೂ ಗೊತ್ತಿರಲಿಲ್ಲ, ಅವರೇ ಹಾಗಂದರು. ಅವರು ಮಾಡಿದ್ದು ಒಂದೇ ಕೆಲಸ. ತರಗತಿಯ ಬಾಗಿಲ ಹತ್ತಿರ ಒಂದು ಟ್ರೇ ಇಟ್ಟರು. ಒಳಗೆ ಬರುವ ಪ್ರತಿ ಮಗುವೂ ಹೋಂವರ್ಕ್ ಅದರಲ್ಲಿ ಹಾಕಿಯೇ ಬೆಂಚಿಗೆ ಹೋಗಬೇಕು. ಯಾರನ್ನೂ ಬೇರೆ ಮಾಡಲಿಲ್ಲ, ಯಾರ ಹೆಸರನ್ನೂ ಕೂಗಲಿಲ್ಲ. ಆ ಎರಡು ತಿಂಗಳಲ್ಲಿ ನನ್ನ ಮಗಳ ಡೈರಿಯಲ್ಲಿ ಕೆಂಪು ಶಾಯಿ ಬಿದ್ದದ್ದು ಎರಡೇ ಸಲ. ಆ ಎರಡೂ ದಿನ ಅವಳು ನಿಜವಾಗಿಯೂ ಮಾಡಿರಲಿಲ್ಲ. ಖಾಯಂ ಶಿಕ್ಷಕರು ವಾಪಸ್ ಬಂದ ಮೇಲೆ ಟ್ರೇ ಕಪಾಟಿನ ಮೇಲಕ್ಕೆ ಹೋಯಿತು.

ನನ್ನ ಮೊದಲ ವಿನಂತಿ ಇದೇ. ಆ ಟ್ರೇ ಕೆಳಗಿಳಿಸಿ.

ಆಟದ ಪೀರಿಯಡ್ಡನ್ನು ಶಿಕ್ಷೆಯಾಗಿ ತಪ್ಪಿಸುವುದನ್ನು ಇಡೀ ಶಾಲೆಯಲ್ಲೇ ನಿಲ್ಲಿಸಿ, ಬರೀ ನನ್ನ ಮಗಳಿಗಲ್ಲ. ಅವಳನ್ನು ಕಿಟಕಿಯಿಂದ ಈಚೆ, ಮುಂದಿನ ಸಾಲಿಗೆ ತನ್ನಿ. ಸೂಚನೆ ಒಂದೊಂದಾಗಿ ಕೊಡಿ, ಬೋರ್ಡಿನ ಮೂಲೆಯಲ್ಲೂ ಬರೆದಿಡಿ. ಹಾಗೆ ಮಾಡಿದರೆ ಇನ್ನೂ ಹತ್ತು ಮಕ್ಕಳಿಗೆ ಅನುಕೂಲ, ನೀವೇ ನೋಡುತ್ತೀರಿ. ದೊಡ್ಡ ಲೆಕ್ಕದ ಹಾಳೆಯನ್ನು ಎರಡು ತುಂಡು ಮಾಡಿ ಕೊಟ್ಟರೆ ಅವಳು ಎರಡನ್ನೂ ಮುಗಿಸುತ್ತಾಳೆ. ಇಡೀ ಹಾಳೆ ಕೊಟ್ಟರೆ ಮೊದಲನೆಯದರಲ್ಲೇ ಕಳೆದುಹೋಗುತ್ತಾಳೆ. ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚು ಸಮಯ, ಓಡಾಟ ಕಡಿಮೆ ಇರುವ ಜಾಗ ಕೊಡಿ.

ಡೈರಿಯ ಬಗ್ಗೆ ಒಂದು ಮಾತು. ಕೆಂಪು ಶಾಯಿಯ ಬದಲು ಪುಟ್ಟ ಕಾರ್ಡ್ ಒಂದನ್ನು ದಿನಾ ಕಳಿಸುವ ಪದ್ಧತಿ ಇದೆ. ಅದರಲ್ಲಿ ಎರಡೋ ಮೂರೋ ಗುರಿ ಇರುತ್ತವೆ. "ಹೋಂವರ್ಕ್ ಕೊಟ್ಟಳು," "ಪ್ರಶ್ನೆಗೆ ಕೈ ಎತ್ತಿ ಕಾದಳು" ಅಂತ. ಆಗಿದ್ದರೆ ಒಂದು ಗುರುತು. ಸಂಜೆ ಮನೆಯಲ್ಲಿ ನಾವು ಅದನ್ನು ನೋಡಿ ಒಂದು ಸಣ್ಣ ಬಹುಮಾನ ಕೊಡುತ್ತೇವೆ. ಇದು ನನ್ನ ಕಲ್ಪನೆಯಲ್ಲ, ಚೆನ್ನಾಗಿ ಪರೀಕ್ಷಿಸಿ ನೋಡಿದ ವಿಧಾನ. ಈ ಮಕ್ಕಳಿಗೆ ವರ್ಷದ ಕೊನೆಯ ಪ್ರಶಸ್ತಿ ಚಂದ್ರನಷ್ಟು ದೂರ. ಇವತ್ತಿನ ಗುರುತು ಇವತ್ತೇ ಸಿಗಬೇಕು. ಕಾರ್ಡ್ ನಾನೇ ತಯಾರಿಸಿ ಕೊಡುತ್ತೇನೆ. ದಿನಕ್ಕೆ ನಿಮ್ಮ ಒಂದು ನಿಮಿಷ ಸಾಕು.

ಅವಳ ಔಷಧಿಯ ವಿಷಯ ತರಗತಿಯಲ್ಲಿ ಇನ್ನೊಮ್ಮೆ ಎತ್ತಬಾರದು. ಇದು ವಿನಂತಿ ಅಲ್ಲ.

ವರ್ಷಕ್ಕೊಂದು ಸಲವಾದರೂ ಶಿಕ್ಷಕರಿಗೆ ಈ ವಿಷಯ ತಿಳಿದವರಿಂದ ಅರ್ಧ ದಿನದ ತರಬೇತಿ ಕೊಡಿಸಿ. ಡಾಕ್ಟರ ಫಾರಂ ಬಂದರೆ ಒಂದು ವಾರದೊಳಗೆ, ಓದಿ ತುಂಬುವ ವ್ಯವಸ್ಥೆ ಮಾಡಿ. ಹುಡುಗ ಗಲಾಟೆ ಮಾಡಿದಾಗ ಮಾತ್ರವಲ್ಲ, ಹುಡುಗಿ ಸುಮ್ಮನೆ ಕೂತಾಗಲೂ ಒಮ್ಮೆ ತಿರುಗಿ ನೋಡಿ.

ಈ ಪತ್ರವನ್ನು ಬರೆದು ಮುಗಿಸಿ ಇವತ್ತಿಗೆ ಹನ್ನೊಂದು ದಿನವಾಯಿತು. ಡ್ರಾಫ್ಟ್‌ನಲ್ಲೇ ಇತ್ತು. ಹದಿನೆಂಟನೆಯದು. ನಿನ್ನೆ ರಾತ್ರಿ ಮಗಳು ಬಂದು, "ಅಮ್ಮಾ, ನಮ್ಮ ಮಿಸ್‌ಗೆ ಬರೆದಿದ್ದು ಕೊಟ್ಯಾ?" ಅಂತ ಕೇಳಿದಳು. ಇಲ್ಲ ಅಂದೆ. ಅವಳು ಬೈಯಲಿಲ್ಲ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, "ಈಗ ಒತ್ತು, ನಾನು ನೋಡ್ತಾ ಇರ್ತೀನಿ," ಅಂದಳು.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ವಂದನೆಗಳೊಂದಿಗೆ,
ನಾಲ್ಕನೇ ತರಗತಿ, ಕಿಟಕಿ ಪಕ್ಕದ ಬೆಂಚಿನ ಹುಡುಗಿಯ ತಾಯಿ